ಗಣಕದೊಳಗಿನ ಗಣಕ: ಗೋಡೆ ಮತ್ತು ಬಾಗಿಲು



ಒಂದು ಗಣಕಯಂತ್ರದೊಳಗೆ ಇನ್ನೊಂದನ್ನು ನಡೆಸಬಹುದೆಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ವಿಂಡೋಸ್ ಇರುವ ಯಂತ್ರದಲ್ಲಿಯೇ ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶ ಹಾಕಿಕೊಂಡು ಲಿನಕ್ಸ್ ಕಲಿಯುವವರಿದ್ದಾರೆ. ಹೀಗೆ ಒಳಗೆ ನಡೆಯುವುದು ವರ್ಚುವಲ್ ಮಷೀನ್. ಹೊರಗಿನ ನಿಜವಾದ ಯಂತ್ರ ಆತಿಥೇಯ, ಒಳಗಿನದು ಅತಿಥಿ. ನಡುವೆ ನಿಂತು ಸ್ಮೃತಿ, ಡಿಸ್ಕುಗಳನ್ನು ಹಂಚಿಕೊಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ವಿದ್ಯೆ ಹಳೆಯದೇ; ಐಬಿಎಂ ಸಂಸ್ಥೆ 1972ರಲ್ಲಿಯೇ ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತ್ತು.

ಈಗ ಪ್ರಶ್ನೆ. ಅತಿಥಿಗೆ ವೈರಸ್ ತಗುಲಿದರೆ ಆತಿಥೇಯನಿಗೂ ತಗುಲೀತೇ? ‘ಒಳಗೆ ಏನು ಮಾಡಿದರೂ ಹೊರಗೆ ತೊಂದರೆಯಿಲ್ಲ’ ಎಂದು ಸಂಶಯದ ಕಡತಗಳನ್ನು ಅಲ್ಲಿ ತೆರೆಯುವವರುಂಟು. ಈ ಧೈರ್ಯ ಅರ್ಧ ಸರಿ, ಅರ್ಧ ತಪ್ಪು.

ಖಾನಾಪುರ ತಾಲ್ಲೂಕಿನ ಲೋಂಡಾ ಜಂಕ್ಷನ್ನನ್ನು ನೆನೆಯಿರಿ. ಬೆಳಗಾವಿ, ಧಾರವಾಡ, ಗೋವಾ ಕಡೆಯ ಹಳಿಗಳು ಅಲ್ಲಿ ಕೂಡುತ್ತವೆ. ಗೋವಾ 1961ರವರೆಗೆ ಪೋರ್ಚುಗೀಸರ ವಶದಲ್ಲಿತ್ತು. ಆಗ ಲೋಂಡಾದಿಂದ ಪಶ್ಚಿಮಕ್ಕೆ ಹೋಗುವ ದಾರಿಯಲ್ಲಿ ಕ್ಯಾಸಲ್ ರಾಕ್ ಗಡಿಯ ನಿಲ್ದಾಣ. ಅಲ್ಲಿ ಸುಂಕದ ತಪಾಸಣೆ. ಘಟ್ಟವೇ ಗೋಡೆಯಾಗಿದ್ದರೂ ಹಳಿ ಅದನ್ನು ದಾಟಿಯೇ ಹೋಗುತ್ತಿತ್ತು. ಗಣಕದಲ್ಲೂ ಹಾಗೆಯೇ. ಗೋಡೆ ಗಟ್ಟಿಯಾಗಿದೆ, ಅಪಾಯವಿರುವುದು ಹೆಚ್ಚಾಗಿ ನಾವೇ ಇಟ್ಟ ಬಾಗಿಲುಗಳಲ್ಲಿ.

ಮೊದಲನೆಯ ಬಾಗಿಲು, ಎರಡೂ ಕಡೆಗೆ ಕಾಣುವ ಹಂಚಿಕೆಯ ಫೋಲ್ಡರ್. ಅದಕ್ಕೆ ಬರೆಯುವ ಅನುಮತಿಯಿದ್ದರೆ ಅತಿಥಿಯೊಳಗಿನ ವೈರಸ್ ಅಲ್ಲಿನ ಕಡತಗಳನ್ನು ಕೆಡಿಸಬಲ್ಲದು. ಎರಡೂ ಕಡೆ ಬಳಸುವ ಪೆನ್‌ಡ್ರೈವ್ ಕೂಡ ಇಂಥದೇ ಬಾಗಿಲು. ಎರಡನೆಯದು ಜಾಲಸಂಪರ್ಕ. ಜಾಲಕ್ಕೆ ಸೇರಿದ ಅತಿಥಿ ಇತರ ಯಂತ್ರಗಳಂತೆ ಅದೂ ಒಂದು ಯಂತ್ರ. ಜಾಲದ ಮೂಲಕ ಹರಡುವ ವೈರಸ್‌ಗೆ ಅಷ್ಟೇ ಸಾಕು.

ಮೂರನೆಯದು ಗೋಡೆಯಲ್ಲಿಯೇ ಬಿರುಕು. 2015ರಲ್ಲಿ ‘ವೆನಮ್’ ಎಂಬ ದೋಷ ಬೆಳಕಿಗೆ ಬಂತು. ಕ್ಯೂಇಎಂಯು ಎಂಬ ತಂತ್ರಾಂಶದಲ್ಲಿ ಫ್ಲಾಪಿ ಡ್ರೈವನ್ನು ಅನುಕರಿಸುವ ಭಾಗದಲ್ಲಿ ಅದಿತ್ತು, 2004ರಿಂದಲೂ ಇತ್ತು. ಝೆನ್, ಕೆವಿಎಂ, ವರ್ಚುವಲ್‌ಬಾಕ್ಸ್‌ಗಳಿಗೂ ಅದು ತಟ್ಟಿತು. ಅತಿಥಿಯಲ್ಲಿ ಆಡಳಿತಗಾರನ ಅಧಿಕಾರ ಪಡೆದವನು ಅದರ ಮೂಲಕ ಆತಿಥೇಯನೊಳಗೆ ನುಗ್ಗಲು ಸಾಧ್ಯವಿತ್ತು. ಯಾರೂ ಬಳಸದ ಫ್ಲಾಪಿಯ ಸಂಕೇತ 11 ವರ್ಷ ಹಾಗೆಯೇ ಉಳಿದಿತ್ತು. ದೋಷವನ್ನು ಸರಿಪಡಿಸಿದ ಆವೃತ್ತಿಗಳು ಆಗಲೇ ಬಂದವು, ಹಾಕಿಕೊಂಡವರಿಗೆ ರಕ್ಷಣೆ.

ಅಪಾಯ ಹೊರಗಿನಿಂದ ಒಳಕ್ಕೂ ಬರುತ್ತದೆ. ಅತಿಥಿಯ ಇಡೀ ಡಿಸ್ಕು ಆತಿಥೇಯನ ಪಾಲಿಗೆ ಒಂದು ಕಡತ ಮಾತ್ರ. 2012ರಲ್ಲಿ ಕಂಡುಬಂದ ‘ಕ್ರೈಸಿಸ್’ ಎಂಬ ದುಷ್ಟ ತಂತ್ರಾಂಶ ವಿಂಡೋಸ್ ಯಂತ್ರದಲ್ಲಿ ವಿಎಂವೇರ್‌ನ ಇಂಥ ಕಡತಗಳನ್ನು ಹುಡುಕಿ, ಅವುಗಳೊಳಗೆ ತನ್ನ ಪ್ರತಿಯನ್ನು ಇಡುತ್ತಿತ್ತು. ಅದಕ್ಕೆ ಬಿರುಕೇ ಬೇಕಾಗಲಿಲ್ಲ. ಮನೆಯ ಯಜಮಾನನೇ ಕೆಟ್ಟರೆ ಅತಿಥಿಗೆ ರಕ್ಷಣೆಯೆಲ್ಲಿ?

ಹಾಗಾದರೆ ಏನು ಮಾಡಬೇಕು? ಹಂಚಿಕೆಯ ಫೋಲ್ಡರ್ ಬೇಡವಾದಾಗ ಮುಚ್ಚಿರಿ. ಬೇಕಾದರೆ ಓದಲು ಮಾತ್ರ ಅನುಮತಿ ಕೊಡಿ. ನಕಲು-ಅಂಟಿಸುವ ಸೌಲಭ್ಯವನ್ನೂ ಹಾಗೆಯೇ ನಿಲ್ಲಿಸಿಡಿ. ಜಾಲದ ಅಗತ್ಯವಿಲ್ಲದ ಕೆಲಸಕ್ಕೆ ಜಾಲವನ್ನು ಕಡಿದುಹಾಕಿ. ಹೈಪರ್‌ವೈಸರ್, ಆತಿಥೇಯ, ಅತಿಥಿ ಮೂರನ್ನೂ ಕಾಲಕಾಲಕ್ಕೆ ನವೀಕರಿಸಿ. ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಅತಿಥಿಯನ್ನು ಹಿಂದಿನ ಸ್ಥಿತಿಗೆ ತರಬಹುದು. ಆದರೆ ಅದಾಗಲೇ ಹೊರಗೆ ಹೋದ ವೈರಸ್ ಅದರಿಂದ ಹಿಂದಿರುಗದು. ಮುಖ್ಯ ಕಡತಗಳ ಪ್ರತಿಯೊಂದನ್ನು ಯಂತ್ರದಿಂದ ಬೇರ್ಪಡಿಸಿ ಇಡಿ.

ಲೋಂಡಾದಂಥ ಊರಿನಲ್ಲಿ ಮನೆಗೊಂದೇ ಗಣಕವಿದ್ದರೆ ಅದರಲ್ಲಿ ತಂದೆಯ ಬ್ಯಾಂಕಿನ ವ್ಯವಹಾರ, ತಂಗಿಯ ಅರ್ಜಿ, ನಿಮ್ಮ ಪ್ರಾಜೆಕ್ಟ್ ಎಲ್ಲವೂ ಇರುತ್ತವೆ. ಅಂಥ ಯಂತ್ರದಲ್ಲಿ ಲಿನಕ್ಸನ್ನು ಧಾರಾಳವಾಗಿ ಕಲಿಯಿರಿ. ಪುಕ್ಕಟೆ ಸಿಕ್ಕ ಕಳ್ಳಪ್ರತಿಯನ್ನೋ ವೈರಸ್ ಮಾದರಿಯನ್ನೋ ಪರೀಕ್ಷಿಸುವ ಕುತೂಹಲವಿದ್ದರೆ, ಮನೆಯವರ ಯಾವ ಕಡತವೂ ಇಲ್ಲದ, ಜಾಲಕ್ಕೆ ಸೇರದ ಬೇರೆ ಯಂತ್ರ ಸಿಗುವವರೆಗೆ, ಗುರುಗಳ ಮಾರ್ಗದರ್ಶನ ದೊರೆಯುವವರೆಗೆ ತಾಳಿರಿ.