ಇಪ್ಪತ್ತೊಂಬತ್ತು ಅಂಕಗಳ ಮನುಷ್ಯಸಂಖ್ಯೆ



ಜಿನಬಿಂಬ ಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ ಶ್ರುತದ ಸ್ಮರಣೆಯೂ ಉಚಿತವಾದುದು. ಹಲಗೇರಿಯಿರುವ ಈ ಹಾವೇರಿ ಜಿಲ್ಲೆಯ ಬಂಕಾಪುರವು ಅಜಿತಸೇನಾಚಾರ್ಯರಿಂದ ಪಾವನವಾದ ಕ್ಷೇತ್ರ. ಗಂಗದೊರೆ ಮಾರಸಿಂಹನು ಸಲ್ಲೇಖನವ್ರತದಿಂದ ದೇಹತ್ಯಾಗ ಮಾಡಿದ್ದು ಅಲ್ಲಿಯೇ, ಅವರ ಸನ್ನಿಧಿಯಲ್ಲಿಯೇ. ಆ ಅಜಿತಸೇನರ ಶಿಷ್ಯನಾದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು 10ನೆಯ ಶತಮಾನದ ಕೊನೆಯಲ್ಲಿ ಪ್ರಾಕೃತ ಭಾಷೆಯಲ್ಲಿ ‘ಗೊಮ್ಮಟಸಾರ’ವನ್ನು ರಚಿಸಿದರು. ಅದರ ಜೀವಕಾಂಡವು ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಹೀಗೆ ನಿರೂಪಿಸುತ್ತದೆ:

79228162514264337593543950336.

ಇದು ಇಂದಿನ ಜನಗಣತಿಯ ಅಂಕಿಯಲ್ಲ. ಎರಡೂವರೆ ದ್ವೀಪಗಳ ಮನುಷ್ಯಲೋಕವನ್ನು ಕುರಿತ ಆಗಮೋಕ್ತ ಪ್ರಮಾಣ. ಓದಲು ಉಸಿರು ಸಾಲದಾದರೂ ಇದರ ಹುಟ್ಟು ಸರಳವಾದುದು. ಎರಡರ ವರ್ಗ 4. ಅದರ ವರ್ಗ 16. ಅನಂತರ 256, 65536. ಐದನೆಯ ವರ್ಗ 4294967296. ಇದಕ್ಕೆ ‘ಬಾದಾಲ’ವೆಂದು ಹೆಸರು. ಬಾದಾಲದ ಘನವೇ ಈ ಮಹಾಸಂಖ್ಯೆ. 96 ಎರಡುಗಳನ್ನು ಸಾಲಾಗಿಟ್ಟು ಗುಣಿಸಿದರೂ ಇದೇ ಬರುತ್ತದೆ. ಆದುದರಿಂದ ಇದನ್ನು 96 ಸಲ ಅರ್ಧಿಸುತ್ತ ಹೋದರೆ, ನಡುವೆ ಎಲ್ಲಿಯೂ ಭಿನ್ನರಾಶಿ ತಲೆದೋರದೆ, ಕೊನೆಗೆ ಒಂದೇ ಉಳಿಯುವುದು. ಹೀಗೆ ಅರ್ಧಿಸುವ ಸಲಗಳ ಎಣಿಕೆಯನ್ನು ಜೈನಗಣಿತವು ‘ಅರ್ಧಚ್ಛೇದ’ವೆಂದು ಕರೆಯಿತು.

ಇಷ್ಟು ದೊಡ್ಡ ಸಂಖ್ಯೆಯನ್ನು ಆಚಾರ್ಯರು ಒಂದೇ ಗಾಥೆಯಲ್ಲಿ ಅಡಗಿಸಿದರು. ಕ, ಟ, ಪ, ಯ ಎಂಬ ಅಕ್ಷರಗಳಿಂದ ಒಂದು, ಎರಡು ಎಂದು ಎಣಿಸುವ ಕಟಪಯಾದಿ ಕ್ರಮದಲ್ಲಿ ಗಾಥೆಯ ಮೊದಲಕ್ಷರ ‘ತ’ ಎಂದರೆ 6, ಅದು ಬಿಡಿಸ್ಥಾನ. ಸಂಖ್ಯೆಯನ್ನು ಹೇಳುವ ಭಾಗದ ಕೊನೆಯಕ್ಷರ ‘ಸ’ ಎಂದರೆ 7. ಅದು ಎಡತುದಿಯ ಅಂಕ.

ಆದರೆ ಓಲೆಗರಿಯನ್ನು ಪ್ರತಿಮಾಡುವಾಗ ಒಂದಕ್ಷರ ತಪ್ಪಿದರೆ ಗತಿಯೇನು? ಸಂಖ್ಯೆಯ ಗುಣವೇ ಇಲ್ಲಿ ಕಾವಲು. ಆರು ಎರಡುಗಳ ಗುಣಲಬ್ಧ 64; ಒಂಬತ್ತರಿಂದ ಭಾಗಿಸಿದರೆ ಶೇಷ 1. 96 ಎಂಬುದು ಆರರ ಹದಿನಾರು ಮಡಿಯಾದುದರಿಂದ ಮಹಾಸಂಖ್ಯೆಯ ಶೇಷವೂ 1 ಆಗಲೇಬೇಕು. ಅದರ 29 ಅಂಕಗಳನ್ನು ಕೂಡಿದರೆ 127. ಒಂಬತ್ತರಿಂದ ಭಾಗಿಸಿದರೆ ಉಳಿಯುವುದು ಒಂದೇ! ಒಂದಂಕ ಕೆಟ್ಟರೂ ಈ ಲೆಕ್ಕ ಹೊಂದದು. ಸೊನ್ನೆ ಒಂಬತ್ತಾಗಿದ್ದರೆ ಅಥವಾ ಒಂಬತ್ತು ಸೊನ್ನೆಯಾಗಿದ್ದರೆ ಮಾತ್ರ ಈ ಪರೀಕ್ಷೆ ಸಾಲದು. ಆಗ ಅರ್ಧಿಸಿ ನೋಡುವುದೇ ಉಪಾಯ.

1359ರಲ್ಲಿ ಕೇಶವವರ್ಣಿಗಳು ಈ ಗ್ರಂಥಕ್ಕೆ ಕನ್ನಡದಲ್ಲಿ ‘ಜೀವತತ್ತ್ವಪ್ರದೀಪಿಕೆ’ ಎಂಬ ವೃತ್ತಿಯನ್ನು ಬರೆದರು. ಅದನ್ನು ಅನುಸರಿಸಿ ಸಂಸ್ಕೃತಟೀಕೆ ಹುಟ್ಟಿತು. ಸಂಸ್ಕೃತಟೀಕೆಯ ಆಧಾರದಿಂದ ಜಯಪುರದ ಪಂಡಿತ ಟೋಡರಮಲ್ಲರು 1761ರಲ್ಲಿ ತಮ್ಮ ನಾಡಿನ ಭಾಷೆಯಲ್ಲಿ ವ್ಯಾಖ್ಯಾನ ರಚಿಸಿದರು. ಉತ್ತರದೇಶಕ್ಕೆ ಗೊಮ್ಮಟಸಾರದ ಅರ್ಥವನ್ನು ಬೆಳಗಿದ ದೀಪದ ಮೊದಲ ಬತ್ತಿ ಕನ್ನಡದ್ದು.

ಸಂಸಾರಿ ಜೀವಗಳು ಅನಂತ. ಪರ್ಯಾಪ್ತ ಮನುಷ್ಯರಾದರೋ ಎಣಿಕೆಗೆ ಸಿಗುವಷ್ಟೇ. ಮನುಷ್ಯಭವವು ದುರ್ಲಭವೆಂದು ಉಪದೇಶಿಸಿದ ಆಚಾರ್ಯರು ಅದನ್ನು ಸ್ಥೂಲವಾಗಿ ಹೇಳಿ ಕೈಬಿಡಲಿಲ್ಲ, ಬಿಡಿಸ್ಥಾನದವರೆಗೂ ಲೆಕ್ಕವಿಟ್ಟರು. ಅಂತಹ ಶ್ರುತಕ್ಕೆ ಅರ್ಘ್ಯವೆತ್ತಿದರಷ್ಟೇ ಸಾಲದು. ಕಟ್ಟು ಬಿಚ್ಚಿ ಓದುವವರೂ, ಓದಿದುದನ್ನು ಒರೆಹಚ್ಚಿ ನೋಡುವವರೂ ಬೇಕು. ಬಸದಿಯ ಪಾಠಶಾಲೆಗಳಲ್ಲಿ ಮಕ್ಕಳು ಈ 29 ಅಂಕಗಳನ್ನು ಬರೆದು, ಕೂಡಿ, ಅರ್ಧಿಸಿ ನೋಡಲಿ. ಅದೂ ಒಂದು ಸ್ವಾಧ್ಯಾಯವೇ.

ಜಯ ಜಿನೇಂದ್ರ.