ಪ್ರವಾಸದ ರಸಪ್ರಶ್ನೆ: ಕೇಳುವವರ ಹೊಣೆ



ನಿಮ್ಮ ಪತ್ರಿಕೆಯ ಪ್ರವಾಸದ ಪುಟವನ್ನು ತಪ್ಪದೆ ಓದುವವರಿಗಾಗಿ ರಸಪ್ರಶ್ನೆಯ ಸ್ಪರ್ಧೆಯೊಂದನ್ನು ಆರಂಭಿಸಬೇಕೆಂದಿದ್ದೀರಿ. ಪ್ರಶ್ನೆಗಳು ಹೇಗಿರಬೇಕೆಂಬ ಬಗ್ಗೆ ನಾಲ್ಕು ಮಾತನಾಡಲು ನನ್ನನ್ನು ಬರಮಾಡಿಕೊಂಡಿದ್ದೀರಿ. ವಂದನೆಗಳು. ವಿಷಯ ಚಿಕ್ಕದೆಂದು ತೋರಬಹುದು. ಆದರೆ ಹೊರನಾಡಿನಲ್ಲಿ ನೆಲಸಿದವರ ಮುಂದೆ ತವರಿನ ಬಗ್ಗೆ ಪ್ರಶ್ನೆಯಿಡುವುದು ತವರಿನಲ್ಲಿ ನಿಂತು ಕೇಳಿದಷ್ಟು ಸರಳವಲ್ಲ.

ಒಂದು ಉದಾಹರಣೆ. ಕರ್ನಾಟಕದಲ್ಲಿ ಜಿಲ್ಲೆಗಳೆಷ್ಟು? ಇದೂ ಒಂದು ಪ್ರಶ್ನೆಯೇ ಎನ್ನುವಿರಿ. ಈ ಸಭೆಯಲ್ಲಿಯೇ ಕೇಳಿದರೆ ಐದಾರು ಬಗೆಯ ಉತ್ತರಗಳು ಬರಬಹುದು. 1956ರಲ್ಲಿ ರಾಜ್ಯ ಒಂದಾದಾಗ ಇದ್ದವು 19. 1986ರಲ್ಲಿ ಬೆಂಗಳೂರು ಗ್ರಾಮಾಂತರ ಬೇರೆಯಾಗಿ 20 ಆದವು. 1997ರಲ್ಲಿ ಉಡುಪಿ, ದಾವಣಗೆರೆ, ಚಾಮರಾಜನಗರ, ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ ಒಟ್ಟಿಗೆ ಹುಟ್ಟಿ 27 ಆದವು. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ ಸೇರಿ 29, ಅನಂತರ ಯಾದಗಿರಿ ಬಂದು 30, 2021ರಲ್ಲಿ ವಿಜಯನಗರವಾಗಿ 31. ಯಾರು ಯಾವ ಸಂಖ್ಯೆ ಹೇಳಿದರೆಂಬುದರ ಮೇಲೆ ಅವರು ವಿಮಾನ ಹತ್ತಿದ ಕಾಲವನ್ನು ಅಂದಾಜು ಮಾಡಬಹುದು! ನಾಡು ಬಿಟ್ಟ ದಿನದ ನಕ್ಷೆಯನ್ನೇ ನಾವೆಲ್ಲ ಪೆಟ್ಟಿಗೆಯಲ್ಲಿ ಮಡಿಸಿ ತಂದಿರುತ್ತೇವೆ.

ಪ್ರಶ್ನೆ ಕೇಳುವವರ ಹೊಣೆ ಇಲ್ಲಿಂದಲೇ ಮೊದಲಾಗುತ್ತದೆ. ನಲವತ್ತು ವರ್ಷಗಳ ಹಿಂದೆ ಬಂದ ಹಿರಿಯರೊಬ್ಬರು ಹಂಪಿ ಬಳ್ಳಾರಿ ಜಿಲ್ಲೆಯಲ್ಲಿದೆ ಎಂದು ಬರೆದು ಕಳಿಸುತ್ತಾರೆ. ಅವರ ಪಾಲಿಗೆ ಅದು ಸತ್ಯ. ಅಲ್ಲಿಯ ಕಲ್ಲುಗಳ ನಡುವೆ ನಡೆದಾಡಿ ಬಂದವರು ಅವರು. ನೀವು ತಪ್ಪೆಂದು ಗೆರೆ ಎಳೆದು, ಫೋನಿನಲ್ಲಿ ಹುಡುಕಿ ವಿಜಯನಗರ ಜಿಲ್ಲೆ ಎಂದು ಬರೆದ ಮೊಮ್ಮಗನಿಗೆ ಬಹುಮಾನ ಕೊಟ್ಟರೆ, ಹಂಪಿಯನ್ನು ಕಂಡವರು ಸೋತು, ಕಾಣದವನು ಗೆದ್ದಂತಾಯಿತು. ಮುಂದಿನ ಸಂಚಿಕೆಗೆ ಆ ಹಿರಿಯರು ಲೇಖನಿ ಹಿಡಿಯಲಾರರು. ನಿಮ್ಮ ಅತ್ಯಂತ ನಿಷ್ಠಾವಂತ ಓದುಗರು ಅವರೇ ಆಗಿರುತ್ತಾರೆಂಬುದನ್ನು ಮರೆಯಬಾರದು.

ಆದ್ದರಿಂದ ಕಾಲವನ್ನು ಪ್ರಶ್ನೆಯೊಳಗೇ ಸೇರಿಸಿ ಎಂದು ನನ್ನ ಸಲಹೆ. ಹಂಪಿ 2021ಕ್ಕೆ ಮುಂಚೆ ಯಾವ ಜಿಲ್ಲೆಯಲ್ಲಿತ್ತು, ಈಗ ಯಾವ ಜಿಲ್ಲೆಯಲ್ಲಿದೆ? ಅರ್ಧ ಅಂಕ ಅಜ್ಜನದು, ಅರ್ಧ ಮೊಮ್ಮಗನದು. ವಿಶ್ವಪರಂಪರೆಯ ಪಟ್ಟಿಯನ್ನೂ ಹೀಗೆ ಕೇಳಬಹುದು. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ ಆ ಪಟ್ಟಿಯನ್ನು ಸೇರಿದವು. ಬೇಲೂರು, ಹಳೇಬೀಡು, ಸೋಮನಾಥಪುರಗಳು ಸೇರಲು 2023 ಬರಬೇಕಾಯಿತು. ಬೇಲೂರಿಗೆ ಆ ಗೌರವ ಎಂದೋ ಸಂದಿದೆ ಎಂದು ನಂಬಿದವರು ನಮ್ಮಲ್ಲಿ ಕಡಿಮೆಯಿಲ್ಲ. ಊರುಗಳ ಹೆಸರಿನ ಮಾತಂತೂ ಸರಿಯೇ ಸರಿ: 2014ರ ನವೆಂಬರ್ 1ರಿಂದ ಬಿಜಾಪುರ ವಿಜಯಪುರವಾಗಿದೆ, ಗುಲ್ಬರ್ಗ ಕಲಬುರಗಿಯಾಗಿದೆ. ಹಳೆಯ ಹೆಸರು ಬರೆದವರ ಅಂಕವನ್ನು ದಯವಿಟ್ಟು ಕಳೆಯಬೇಡಿ.

ಇನ್ನು ಅತಿ ಎತ್ತರ, ಅತಿ ದೊಡ್ಡದು, ಮೊಟ್ಟಮೊದಲನೆಯದು ಎಂಬ ಪ್ರಶ್ನೆಗಳು. ಇವು ನನಗೆ ಹಿಡಿಸವು. ಜೋಗವೇ ಭಾರತದ ಅತಿ ಎತ್ತರದ ಜಲಪಾತವೆಂದು ನಮ್ಮಲ್ಲಿ ಹಲವರು ಓದಿ ಬೆಳೆದರು. ಅಳತೆಯ ವಿಧಾನ ಬದಲಾದಂತೆ ಪಟ್ಟಿಯೂ ಬದಲಾಗುತ್ತದೆ, ವ್ಯಾಜ್ಯಕ್ಕೆ ಕೊನೆಯಿಲ್ಲ. ಅದರ ಬದಲು, ಜೋಗದಲ್ಲಿ ಶರಾವತಿ ಯಾವ ನಾಲ್ಕು ಹೆಸರಿನ ಧಾರೆಗಳಾಗಿ ಬೀಳುತ್ತಾಳೆ ಎಂದು ಕೇಳಿ. ರಾಜಾ, ರಾಣಿ, ರೋರರ್, ರಾಕೆಟ್ ಎಂದು ಕಂಡವರು ಬೆರಳೆಣಿಸುತ್ತಾರೆ. ಜೊತೆಗೆ ನಯಾಗರಾದ ಮೂರು ಜಲಪಾತಗಳ ಹೆಸರನ್ನೂ ಕೇಳಿ. ಊರಿನಿಂದ ಬಂದ ತಂದೆತಾಯಿಗಳಿಗೆ ನಯಾಗರಾ ತೋರಿಸದೆ ಕಳಿಸಿದ ಕನ್ನಡಿಗರು ಅಮೆರಿಕದಲ್ಲಿ ವಿರಳ; ಹಾರ್ಸ್‌ಶೂ, ಅಮೆರಿಕನ್, ಬ್ರೈಡಲ್ ವೇಲ್ ಎಂದು ಇಲ್ಲಿ ಹುಟ್ಟಿದ ಮಗು ಥಟ್ಟನೆ ಹೇಳೀತು. ಒಂದು ಮನೆಯಲ್ಲಿ ಇಬ್ಬರು ಕೂಡಿ ಕುಳಿತಲ್ಲದೆ ಆ ಪ್ರಶ್ನೆ ಪೂರ್ತಿಯಾಗದು.

ನನಗೆ ಬಹು ಪ್ರಿಯವಾದ ಪ್ರಶ್ನೆಗಳು ಕಣ್ಣಿಟ್ಟು ನೋಡಿದವರಿಗೆ ಒಲಿಯುವಂಥವು. ಶ್ರವಣಬೆಳಗೊಳದ ಗೊಮ್ಮಟನ ಎತ್ತರ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಎಲ್ಲರ ಕತ್ತೂ ಮೇಲಕ್ಕೇ. ಪಾದದ ಬಳಿ ಬಗ್ಗಿ ನೋಡಿದವರೆಷ್ಟು ಮಂದಿ? ಚಾವುಂಡರಾಯನು ಮಾಡಿಸಿದನೆಂಬ ಬರಹ ಅಲ್ಲಿ ಕನ್ನಡದ ಜೊತೆಗೆ ತಮಿಳಿನಲ್ಲಿಯೂ ಮರಾಠಿಯಲ್ಲಿಯೂ ಇದೆ. ಮಹಾಮಸ್ತಕಾಭಿಷೇಕ ಎಷ್ಟು ವರ್ಷಗಳಿಗೊಮ್ಮೆ ಎಂದು ಕೇಳುವುದಾದರೆ ಎಚ್ಚರವಿರಲಿ. ಹನ್ನೆರಡು ಎಂಬುದು ಸಿದ್ಧ ಉತ್ತರ. 1981, 1993, 2006, 2018 ಎಂದು ಲೆಕ್ಕ ಹಾಕುವ ಓದುಗರಿಂದ ಪತ್ರ ಬಂದೇ ಬರುತ್ತದೆ. ಅಂಥ ಪತ್ರಕ್ಕೆ ಬಹುಮಾನದಷ್ಟೇ ಜಾಗವನ್ನು ಪುಟದಲ್ಲಿ ಕೊಡಿ.

ನಿಯಮಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮನೆಗೊಂದು ಉತ್ತರಪತ್ರ ಸಾಕು. ಹತ್ತರಲ್ಲಿ ಎರಡು ಪ್ರಶ್ನೆಗಳಾದರೂ ನಿಮ್ಮ ಹಿಂದಿನ ಸಂಚಿಕೆಗಳ ಪ್ರವಾಸ ಲೇಖನಗಳಿಂದಲೇ ಬರಲಿ. ಓದಿದವರಿಗೆ ಅಷ್ಟು ಅನುಕೂಲ ಸಲ್ಲಬೇಕು. ಸರಿಯುತ್ತರಗಳು ಹಲವಿದ್ದರೆ ಚೀಟಿ ಎತ್ತಿ. ಒಮ್ಮೆ ಗೆದ್ದ ಮನೆ ಆ ವರ್ಷ ಮತ್ತೆ ಗೆಲ್ಲಬಾರದು, ಇಲ್ಲವಾದರೆ ಮೂರನೆಯ ಸಂಚಿಕೆಗೆ ಸ್ಪರ್ಧೆ ಒಂದೇ ಮನೆಯ ಹಬ್ಬವಾದೀತು. ಬಹುಮಾನವಾಗಿ ಪುಸ್ತಕ ಕೊಡಿ. ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ಕಾರ್ಯಕ್ರಮ ಕನ್ನಡ ಪುಸ್ತಕಗಳನ್ನೇ ಬಹುಮಾನವಾಗಿ ಕೊಟ್ಟು ಜನಪ್ರಿಯವಾಯಿತು. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ನಿಮ್ಮ ಮೊದಲ ವಿಜೇತರ ಮನೆ ಸೇರಲಿ.

ಕರೆದವರಿಗೆ ಬರಿಗೈ ತೋರಿಸಬಾರದಷ್ಟೆ. ಮೊದಲ ಸ್ಪರ್ಧೆಗೆ ನನ್ನದೊಂದು ಪ್ರಶ್ನೆಯನ್ನು ಸ್ವೀಕರಿಸಿ. ಸೋಮನಾಥಪುರದ ದೇವಾಲಯದಲ್ಲಿ ಗರ್ಭಗುಡಿಗಳು ಮೂರು. ಅವುಗಳಲ್ಲಿ ಯಾವ ದೇವರ ಮೂಲವಿಗ್ರಹ ಈಗ ಅಲ್ಲಿಲ್ಲ? ಉತ್ತರವನ್ನು ಲಕೋಟೆಯಲ್ಲಿ ಹಾಕಿ ಸಂಪಾದಕರ ಕೈಗೆ ಕೊಟ್ಟಿದ್ದೇನೆ.