ನಮ್ಮ ಶಾಲೆಯ ಸೇವಾದಳ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಿರೂಪಣೆ ಮಾಡಿದ ಅಕ್ಕೋರು ನನ್ನನ್ನು ‘ಬೆಂಗಳೂರಿನಲ್ಲಿ ಹೆಸರು ಮಾಡಿದ ಇಂಜಿನಿಯರ್’ ಅಂದರು. ಬೆಂಗಳೂರಿನಲ್ಲಿ ನನ್ನಂಥ ಸಾಫ್ಟ್‌ವೇರ್ ಇಂಜಿನಿಯರುಗಳು ಯಾವ ಬಸ್ ನಿಲ್ದಾಣದಲ್ಲಿ ಬೇಕಾದರೂ ಸಿಗುತ್ತಾರೆ. ಬಿ.ಇ. ಮುಗಿಸಿದೆ, ಕೆಲಸ ಸಿಕ್ಕಿತು, ಮಾಡುತ್ತಿದ್ದೇನೆ, ಅಷ್ಟೇ. ನನಗೆ ಕೊಟ್ಟಿರುವ ವಿಷಯ ‘ವಿದ್ಯಾರ್ಥಿ ಜೀವನದಲ್ಲಿ ಸೇವೆ ಮತ್ತು ನಾಯಕತ್ವ’. ವಿಷಯ ದೊಡ್ಡದು, ಸಮಯ ಹದಿನೈದು ನಿಮಿಷ. ಆದ್ದರಿಂದ 2003ರಿಂದ 2006ರವರೆಗೆ ಈ ಶಾಲೆಯಲ್ಲಿ ಎಂಟು, ಒಂಬತ್ತು, ಹತ್ತು ಓದುವಾಗ ಸೇವಾದಳದಲ್ಲಿ ಕಂಡದ್ದನ್ನಷ್ಟೇ ಹೇಳುತ್ತೇನೆ.

ಈಗಿನ ಮಕ್ಕಳಿಗಾಗಿ ಸ್ವಲ್ಪ ಹಿನ್ನೆಲೆ. ಸೇವಾದಳ ಎಲ್ಲಿಂದಲೋ ಬಂದದ್ದಲ್ಲ, ನಮ್ಮ ಹುಬ್ಬಳ್ಳಿಯದು. ಡಾ. ನಾ. ಸು. ಹರ್ಡೀಕರರು ಅಮೆರಿಕದಲ್ಲಿ ಓದಿ, ಅಲ್ಲಿ ಲಾಲಾ ಲಜಪತರಾಯರ ಜೊತೆ ಕೆಲಸ ಮಾಡಿ, ಮರಳಿ ಬಂದು ಹುಬ್ಬಳ್ಳಿಯಲ್ಲಿ ಹುಡುಗರನ್ನು ಕಟ್ಟಿದರು. 1923ರ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಆ ತಂಡ ಹೋಗಿ ಜೈಲು ಸೇರಿತು, ಕ್ಷಮೆ ಕೇಳಿ ಹೊರಗೆ ಬರಲಿಲ್ಲ. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಅದರ ಮಹಿಳಾ ವಿಭಾಗ ನಡೆಸಿದವರು ಉಮಾಬಾಯಿ ಕುಂದಾಪುರ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನಕ್ಕೆ ಮನೆಮನೆ ತಿರುಗಿ ಸ್ವಯಂಸೇವಕಿಯರನ್ನು ಕೂಡಿಸಿದರು. ಆ ಕಾಲದಲ್ಲಿ ಹೆಣ್ಣುಮಕ್ಕಳನ್ನು ಹೊಸ್ತಿಲು ದಾಟಿಸಿ ಕರೆತರುವುದು ಎಷ್ಟು ಕಷ್ಟವಿತ್ತೋ ಯೋಚಿಸಿ. ಈ ಭಾಗ ಪಠ್ಯಪುಸ್ತಕದಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ ಎಂಬುದು ನನ್ನ ಬೇಸರ.

ನಮ್ಮ ಶಾಲೆಯ ಸೇವಾದಳ ನಡೆಸುತ್ತಿದ್ದವರು ಯಾರೆಂದು ನಿಮಗೆಲ್ಲ ಗೊತ್ತು. ಹೆಸರು ಹೇಳಿದರೆ ಎದ್ದು ಹೊರಗೆ ಹೋಗುವ ಸ್ವಭಾವ ಅವರದು. ಮೊದಲ ಸಾಲಿನಲ್ಲಿ ಕೂತಿದ್ದಾರೆ, ಕೂತೇ ಇರಲಿ. ನಾನು ‘ಸರ್’ ಎಂದಷ್ಟೇ ಹೇಳುತ್ತೇನೆ.

ಸರ್ ಹತ್ತಿರ ಒಂದು ಸೀಟಿ ಇತ್ತು. ಅದು ಯಾರ ಕೊರಳಲ್ಲಿದೆಯೋ ಅವರು ಆ ತಿಂಗಳ ನಾಯಕರು. ತಿಂಗಳು ಮುಗಿದ ಮೇಲೆ ಸೀಟಿ ಬಿಚ್ಚಿ ಮುಂದಿನವರಿಗೆ ಕೊಡಬೇಕು. ಮೊದಲ ಬೆಂಚಿನವರಿಗೆ ಇದು ಸಮಾಧಾನ ತರಲಿಲ್ಲ. ತರಗತಿಯಲ್ಲಿ ಮೊದಲ ಬಂದವನೇ ಮಾನಿಟರ್, ಅವನೇ ಭಾಷಣಕ್ಕೆ, ಅವನೇ ಬಹುಮಾನಕ್ಕೆ ಎಂಬುದು ನಮಗೆ ರೂಢಿಯಾಗಿತ್ತು. ಸರ್ ಅಂಕಪಟ್ಟಿಯ ಕಡೆ ನೋಡುತ್ತಲೇ ಇರಲಿಲ್ಲ. ಧ್ವಜ ಕಟ್ಟುವ ಕೆಲಸವನ್ನು ಅವರು ಕೊಟ್ಟದ್ದು ಗಣಿತದಲ್ಲಿ ಎರಡು ಸಲ ಫೇಲಾಗಿದ್ದ ಹುಡುಗನಿಗೆ. ಧ್ವಜವನ್ನು ಮಡಿಸುವುದು, ಒಳಗೆ ಹೂವಿನ ಎಸಳು ಇಡುವುದು, ಒಂದೇ ಎಳೆತಕ್ಕೆ ಬಿಚ್ಚುವಂತೆ, ಆದರೆ ಮೇಲೆ ಹೋಗುವಾಗ ತಾನಾಗಿ ಬಿಚ್ಚದಂತೆ ಗಂಟು ಹಾಕುವುದು, ಇದೆಲ್ಲ ಬರೆದಷ್ಟು ಸುಲಭವಲ್ಲ. ಮೂರು ವರ್ಷ ಅವನ ಗಂಟು ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ಈಗ ಆತ ಲೈನ್‌ಮನ್. ಮಳೆಗಾಲದಲ್ಲಿ ಅರ್ಧರಾತ್ರಿ ಕಂಬ ಹತ್ತಿ ಮೂರು ಹಳ್ಳಿಗೆ ಕರೆಂಟು ಕೊಡುವವನು. ಇವತ್ತು ಈ ಮೈಕಿಗೆ ವೈರು ಎಳೆದವನೂ ಅವನೇ.

ಮುಖ್ಯವಾಗಿ ಹೇಳಬೇಕಾದದ್ದು ಪಲ್ಸ್ ಪೋಲಿಯೊ ಕೆಲಸದ ಬಗ್ಗೆ. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ಕರ್ನಾಟಕದಲ್ಲಿ ರೋಗ ಹೋಯಿತು ಅಂದುಕೊಳ್ಳುವಷ್ಟರಲ್ಲಿ 2003ರಲ್ಲಿ ಮತ್ತೆ ಕಾಣಿಸಿಕೊಂಡಿತು. ಹಾಗಾಗಿ ನಾವು ಹೈಸ್ಕೂಲಿಗೆ ಬಂದಾಗ ಈ ಕೆಲಸ ಬಹಳ ಬಿರುಸಾಗಿತ್ತು. ಭಾನುವಾರ ಬೂತಿನಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಎರಡೆರಡು ಹನಿ. ಎಡಗೈ ಕಿರುಬೆರಳಿಗೆ ಶಾಯಿಯ ಗುರುತು. ಆಮೇಲೆ ಎರಡು ಮೂರು ದಿನ ಮನೆಮನೆ ಭೇಟಿ. ಆ ಮನೆಯ ಮಕ್ಕಳಿಗೆಲ್ಲ ಹನಿ ಬಿದ್ದಿದ್ದರೆ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ‘ಪಿ’ ಎಂದು ಇಂಗ್ಲಿಷ್ ಅಕ್ಷರ ಬರೆಯಬೇಕು. ಒಂದು ಮಗುವಾದರೂ ಉಳಿದಿದ್ದರೆ ‘ಎಕ್ಸ್’.

ಅಂಗನವಾಡಿ ಕಾರ್ಯಕರ್ತೆಯ ಹಿಂದೆ ಸೀಮೆಸುಣ್ಣ ಹಿಡಿದು ಓಡುವ ಕೆಲಸ ನಮ್ಮದು. ಎಕ್ಸ್ ಬರೆಸಿಕೊಂಡ ಮನೆಯವರಿಗೆ ಸಿಟ್ಟು ಬರುತ್ತಿತ್ತು. ಒಬ್ಬ ಅಜ್ಜಿಯಂತೂ ‘ನಮ್ಮ ಬಾಗಿಲಿಗೆ ತಪ್ಪು ಗುರುತು ಹಾಕತೀರೇನು’ ಎಂದು ಕಸಬರಿಗೆ ಹಿಡಿದು ಅಟ್ಟಿಸಿಕೊಂಡು ಬಂದಳು. ಹುಡುಗರಿಗೆ ಅದೇ ಆಟವಾಯಿತು, ‘ಎಕ್ಸ್ ಮನಿ, ಎಕ್ಸ್ ಮನಿ’ ಎಂದು ಕೂಗತೊಡಗಿದರು. ಸರ್ ನಿಲ್ಲಿಸಿ ಹೇಳಿದರು: “ಎಕ್ಸ್ ಅಂದ್ರ ಬೈಗುಳ ಅಲ್ಲೋ. ನಾವು ಇನ್ನೊಮ್ಮೆ ಬರ್ತೀವಿ ಅಂತ ಅದರ ಅರ್ಥ.”

ನಾನು ಕೆಲಸ ಮಾಡುವ ಕಡೆ ಕೂಡ ಇಂಥದೇ ಪಟ್ಟಿ ಇರುತ್ತದೆ. ಎಲ್ಲಿ ಏನು ಕೆಟ್ಟಿದೆ, ಯಾರು ನೋಡಿದರು, ಇನ್ನೂ ಏನು ಬಾಕಿ ಇದೆ ಎಂದು ಒಂದು ಪಾಳಿಯವರು ಇನ್ನೊಂದು ಪಾಳಿಯವರಿಗೆ ಬರೆದಿಟ್ಟು ಹೋಗುತ್ತೇವೆ. ಲಕ್ಷಗಟ್ಟಲೆ ಖರ್ಚು ಮಾಡಿ ಅದಕ್ಕೆ ಸಾಫ್ಟ್‌ವೇರ್ ಕೊಂಡಿದ್ದಾರೆ. ಬಾಗಿಲ ಪಕ್ಕದ ಸೀಮೆಸುಣ್ಣಕ್ಕಿಂತ ಅದು ಹೆಚ್ಚೇನೂ ಮಾಡುವುದಿಲ್ಲ.

ನಾವು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ತಿಂಗಳು ಸೀಟಿ ತಾಂಡಾದಿಂದ ಬರುತ್ತಿದ್ದ ಒಬ್ಬ ಹುಡುಗಿಯ ಕೊರಳಿಗೆ ಬಂತು. ದಿನಾ ನಾಲ್ಕು ಕಿಲೋಮೀಟರು ನಡೆದು ಬರುವವಳು. ಆಗ ಸರ್ಕಾರದ ಸೈಕಲ್ಲೂ ಇರಲಿಲ್ಲ, ಹೈಸ್ಕೂಲಿಗೆ ಬಿಸಿಯೂಟವೂ ಬಂದಿರಲಿಲ್ಲ. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ‘ಇಕಿ ಏನ್ ಸೀಟಿ ಊದ್ತಾಳ’ ಎಂದು ಹಿಂದಿನ ಬೆಂಚಿನಲ್ಲಿ ಗುಸುಗುಸು ನಡೆದದ್ದು ನನಗೆ ನೆನಪಿದೆ. ಅದೇ ತಿಂಗಳು ಪೋಲಿಯೊ ಭಾನುವಾರ ಬಂತು.

ಊರ ಹೊರಗೆ ಹಳ್ಳದ ದಂಡೆಗೆ ಇಟ್ಟಂಗಿ ಭಟ್ಟಿ ಇತ್ತು. ಆ ವರ್ಷ ಬರದಿಂದಾಗಿ ವಿಜಾಪುರದ ಕಡೆಯ ಲಂಬಾಣಿ ಕುಟುಂಬಗಳು ಅಲ್ಲಿಗೆ ದುಡಿಯಲು ಬಂದಿದ್ದವು. ಭಾನುವಾರ ಅಲ್ಲಿಂದ ಒಂದು ಮಗುವೂ ಬೂತಿಗೆ ಬರಲಿಲ್ಲ. ಸೋಮವಾರ ಹೋದ ತಂಡವನ್ನು ವಾಪಸ್ ಕಳಿಸಿದರು. ‘ತಿಳಿವಳಿಕೆ ಇಲ್ಲದ ಜನ, ಏನು ಮಾಡೋದು’ ಎಂದು ಹಿರಿಯರು ಕೈಬಿಟ್ಟರು. ಇವಳು ಒಪ್ಪಲಿಲ್ಲ. ಶಾಲೆ ಬಿಟ್ಟಮೇಲೆ ಒಬ್ಬಳೇ ಹೋಗಿ ಅವರ ಭಾಷೆಯಲ್ಲಿ ಮಾತಾಡಿಸಿ ಬಂದು, ಮರುದಿನ ಸರ್‌ಗೆ ವರದಿ ಕೊಟ್ಟಳು. ಅವರಿಗೆ ಕೂಲಿ ಸಾವಿರ ಇಟ್ಟಂಗಿಗೆ ಇಷ್ಟು ಎಂದು ಲೆಕ್ಕ. ಮಗುವನ್ನೆತ್ತಿಕೊಂಡು ಬೂತಿಗೆ ಬಂದು ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ. ನಾವು ಹೋಗುವ ಹೊತ್ತಿಗೆ ತಾಯಂದಿರು ಮಣ್ಣಿನಲ್ಲಿ ಮೊಣಕಾಲುದ್ದ ನಿಂತಿರುತ್ತಾರೆ, ಅಪರಿಚಿತರು ಬಂದು ಮಗುವಿನ ಬಾಯಿ ತೆರೆಸಿದರೆ ಹೆದರುತ್ತಾರೆ. “ಅವರು ಒಲೆ ಹಚ್ಚೋದು ಕತ್ತಲಾದ ಮ್ಯಾಲೆ ಸರ್. ಆವಾಗ ಹೋಗೋಣ” ಎಂದಳು.

ಕತ್ತಲಾದ ಮೇಲೆ ಹೋಗುವುದು ಎಂದರೆ ಲಸಿಕೆಯ ಪೆಟ್ಟಿಗೆ ಆಸ್ಪತ್ರೆಗೆ ಮರಳುವ ಹೊತ್ತು ತಪ್ಪುತ್ತದೆ. ಹುಡುಗಿ ನೇರವಾಗಿ ಸಿಸ್ಟರ್ ಹತ್ತಿರ ಹೋಗಿ ಕೇಳಿದಳು. ಸಿಸ್ಟರ್ ಪೆಟ್ಟಿಗೆ ತೆರೆದು ನಮಗೆಲ್ಲ ಸೀಸೆ ತೋರಿಸಿದರು. ಅದರ ಚೀಟಿಯ ಮೇಲೆ ಒಂದು ವೃತ್ತ, ಒಳಗೆ ಸಣ್ಣ ಚೌಕ. ಚೌಕ ವೃತ್ತಕ್ಕಿಂತ ತಿಳಿಯಾಗಿರುವವರೆಗೆ ಹನಿ ಹಾಕಬಹುದು. ಬಿಸಿ ತಾಗಿದಂತೆಲ್ಲ ಚೌಕ ಕಪ್ಪಾಗುತ್ತದೆ. ವೃತ್ತದಷ್ಟೇ ಬಣ್ಣಕ್ಕೆ ಬಂದರೆ ಎಸೆಯಬೇಕು. ವಿಜ್ಞಾನದ ಪುಸ್ತಕದಲ್ಲಿ ನಾನು ಓದಿದ ಎಷ್ಟೋ ಪಾಠ ಮರೆತಿದೆ, ಆ ಚೌಕ ಮರೆತಿಲ್ಲ. ಹೊಸ ಐಸ್‌ಪ್ಯಾಕ್ ಹಾಕಿಕೊಂಡು, ಸಿಸ್ಟರ್, ಸರ್, ನಾವು ಆರು ಜನ ಮಕ್ಕಳು, ಎರಡು ಬ್ಯಾಟರಿ, ಸಂಜೆ ಏಳಕ್ಕೆ ಹೊರಟೆವು.

ಭಟ್ಟಿಯಲ್ಲಿ ಅವಳು ಲಸಿಕೆಯ ಮಾತನ್ನೇ ಎತ್ತಲಿಲ್ಲ. ಒಲೆಯ ಹತ್ತಿರ ಕೂತು ಯಾವ ತಾಂಡಾ, ಯಾರ ಪೈಕಿ, ಮಳೆ ಹೇಗೆ ಎಂದು ಕೇಳಿದಳು ಅಂತ ಆಮೇಲೆ ಹೇಳಿದಳು. ನಮಗೆ ಭಾಷೆ ತಿಳಿಯದು. ಕಾಲು ಗಂಟೆಯಾದ ಮೇಲೆ ಒಬ್ಬ ಮುದುಕಿ ಗುಡಿಸಲಿನಿಂದ ತನ್ನ ಮೊಮ್ಮಗುವನ್ನು ಎತ್ತಿಕೊಂಡು ಬಂದು ಸಿಸ್ಟರ್ ಮುಂದೆ ಹಿಡಿದಳು. ಅವಳ ಹಿಂದೆ ಉಳಿದವರು ಬಂದರು. ಒಟ್ಟು 11 ಮಕ್ಕಳು. ಗುಡಿಸಲಿಗೆ ಗೋಡೆ ಇಲ್ಲ, ಸೋಗೆ. ಪಿ ಬರೆಯಲು ಜಾಗವಿಲ್ಲ. ಒಂದು ಹಸಿ ಇಟ್ಟಂಗಿಯ ಮೇಲೆ ಕಡ್ಡಿಯಿಂದ ಕೊರೆದು ಇಟ್ಟು ಬಂದೆವು.

ಮರಳುವಾಗ ತಾಂಡಾ ದಾಟಿ ಬರಬೇಕು. ಅವಳ ಅವ್ವ ಎಲ್ಲರಿಗೂ ನೀರು ಕೊಟ್ಟರು, ಜೊತೆಗೆ ಬೆಲ್ಲ. ನಮ್ಮ ಪೈಕಿ ಇಬ್ಬರು ‘ನೀರಡಿಕೆ ಇಲ್ಲ’ ಎಂದರು. ಅಷ್ಟು ಹೊತ್ತು ತಿರುಗಿದವರಿಗೆ ಬರುವ ನೀರಡಿಕೆ ಎಲ್ಲರಿಗೂ ಗೊತ್ತೇ ಇತ್ತು. ಯಾಕೆ ಇಲ್ಲ ಎಂಬುದೂ ಗೊತ್ತಿತ್ತು. ಸರ್ ಏನೂ ಅನ್ನಲಿಲ್ಲ. ತಂಬಿಗೆ ತೆಗೆದುಕೊಂಡು ಕುಡಿದರು, ಇನ್ನೊಂದು ತಂಬಿಗೆ ಕೇಳಿ ಕುಡಿದರು, ಅಂಗಳದಲ್ಲಿ ಕೂತರು. ಆ ಇಬ್ಬರಲ್ಲಿ ಒಬ್ಬ ಕೊನೆಗೆ ಕುಡಿದ. ಒಬ್ಬ ಕುಡಿಯಲಿಲ್ಲ. ಇದನ್ನು ಸುವರ್ಣ ಮಹೋತ್ಸವದಲ್ಲಿ ಯಾಕೆ ಹೇಳಬೇಕು ಎಂದು ಕೆಲವರಿಗೆ ಅನಿಸಬಹುದು. ಶಾಲೆಯ ಐವತ್ತು ವರ್ಷದ ಲೆಕ್ಕದಲ್ಲಿ ಇದೂ ಸೇರಬೇಕು ಎಂದು ನನ್ನ ಅಭಿಪ್ರಾಯ.

ಭಾರತದ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೊ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಆ ಸುದ್ದಿ ಓದಿದ ದಿನ ನಾನು ಆಫೀಸಿನಲ್ಲಿದ್ದೆ. ಪಕ್ಕದವರಿಗೆ ‘ಇದರಲ್ಲಿ 11 ಮಕ್ಕಳು ನಮ್ಮ ಸೇವಾದಳದ್ದು’ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಇನ್ನು ಆ ಹುಡುಗಿ. ಹತ್ತನೇ ತರಗತಿಯಲ್ಲಿ ಫಸ್ಟ್ ಕ್ಲಾಸ್ ಬಂದಳು. ಪಿಯು ಕಾಲೇಜು 14 ಕಿಲೋಮೀಟರು ದೂರ. ಸಂಜೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗಂಡುಹುಡುಗರು ನಾವು ಟೆಂಪೊ, ಟ್ರ್ಯಾಕ್ಟರು ಸಿಕ್ಕಿದ್ದು ಹಿಡಿದು ರಾತ್ರಿ ಎಂಟಕ್ಕೆ ಮನೆ ಸೇರುತ್ತಿದ್ದೆವು. ಅವಳನ್ನು ಮನೆಯವರು ಕಳಿಸಲಿಲ್ಲ. ಅವರನ್ನು ಬೈಯುವ ಹಕ್ಕು ನನಗಿಲ್ಲ. ಕತ್ತಲಲ್ಲಿ ಕ್ರಾಸಿನಲ್ಲಿ ಮಗಳು ಒಬ್ಬಳೇ ನಿಂತಿರುತ್ತಾಳೆ ಎಂದರೆ ಯಾವ ತಂದೆತಾಯಿ ನಿದ್ದೆ ಮಾಡುತ್ತಾರೆ? ಮದುವೆಯಾಯಿತು. ಈಗ ಪಕ್ಕದ ತಾಲ್ಲೂಕಿನಲ್ಲಿ ಆಶಾ ಕಾರ್ಯಕರ್ತೆ. ಇವತ್ತು ಬರಲು ಕರೆದೆ. ‘ನಮ್ಮೂರಾಗ ಎರಡು ಬಾಣಂತನ ಅದಾವ, ಬರಾಕ ಆಗೂದಿಲ್ಲ, ನನ್ನ ಹೆಸರು ಹೇಳಬ್ಯಾಡ’ ಎಂದಳು. ನಮ್ಮ ತಂಡದಲ್ಲಿ ನಾಯಕತ್ವ ಎಂಬುದು ಯಾರಿಗಾದರೂ ಇದ್ದರೆ ಅವಳಿಗಿತ್ತು. ವೇದಿಕೆಗೆ ಕರೆದು ಶಾಲು ಹೊದಿಸಿದ್ದು ಮಾತ್ರ ನನಗೆ. ಬಸ್ಸು ಸಿಕ್ಕವನು ನಾನು.

ನಮ್ಮ ಕಡೆ ಕಂಪನಿಗಳಲ್ಲಿ ಸೇವೆ ಎಂದರೆ ವರ್ಷಕ್ಕೊಂದು ಶನಿವಾರ ಎಲ್ಲರೂ ಒಂದೇ ಬಣ್ಣದ ಟೀಶರ್ಟ್ ಹಾಕಿಕೊಂಡು ಯಾವುದೋ ಸರ್ಕಾರಿ ಶಾಲೆಯ ಗೋಡೆಗೆ ಬಣ್ಣ ಬಳಿದು ಫೋಟೊ ತೆಗೆಸಿಕೊಳ್ಳುವುದು. ತಪ್ಪೆನ್ನುವುದಿಲ್ಲ, ಗೋಡೆಗೆ ಬಣ್ಣವಂತೂ ಬರುತ್ತದೆ. ಆದರೆ ಮರುವಾರ ಅಲ್ಲಿಗೆ ಯಾರೂ ಹೋಗುವುದಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘವೂ ಮಹಾದ್ವಾರದ ಕಮಾನಿಗೆ ಹಣ ಕೂಡಿಸಿದೆ, ನಾನೂ ಕೊಟ್ಟಿದ್ದೇನೆ. ಕಮಾನು ಆಗಲಿ. ಆದರೆ ಸರ್ ನಿವೃತ್ತರಾದ ಮೇಲೆ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇದೆ. ಸೇವಾದಳದ ಮಕ್ಕಳಿಗೆ ಈಗ ಅತಿಥಿಗಳು ಬಂದಾಗ ಹೂವಿನ ತಟ್ಟೆ ಹಿಡಿಯುವುದು, ಕುರ್ಚಿ ಹಾಕುವುದು, ಇಷ್ಟೇ ಕೆಲಸ ಉಳಿದಿತ್ತು.

ಉಳಿದಿತ್ತು ಎಂದೆ, ಯಾಕೆಂದರೆ ಕಳೆದ ಎರಡು ತಿಂಗಳಿನಿಂದ ಬೇರೆ ಕೆಲಸ ನಡೆದಿದೆ. ಮಹೋತ್ಸವದ ತಯಾರಿಗೆ ಬಂದಾಗ ಹತ್ತನೇ ತರಗತಿಯ ಹುಡುಗಿಯರನ್ನು ಮುಂದೇನು ಓದುತ್ತೀರಿ ಎಂದು ಕೇಳಿದೆ. ‘ಬಸ್ಸಿನ ಮ್ಯಾಲೆ ಅದ ಅಣ್ಣಾ’ ಎಂದರು. 2023ರಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಟಿಕೆಟಿನ ಚಿಂತೆ ಇಲ್ಲ. ಆದರೆ ಸಂಜೆಯ ಬಸ್ಸು ಇಪ್ಪತ್ತು ವರ್ಷದ ಹಿಂದೆ ಹೇಗಿತ್ತೋ ಹಾಗೇ ಇದೆ. ಬಸ್ಸು ಸರಿಯಾಗಿಯೇ ಓಡುತ್ತಿದೆ, ದೂರು ದಾಖಲಾಗಿಲ್ಲ ಎಂಬ ಉತ್ತರ ಊರಿನವರಿಗೆ ಸಿಕ್ಕಿದೆಯಂತೆ. ಸರ್ ಅಲ್ಲೇ ಇದ್ದರು. ‘ಹಂಗಾರ ದಾಖಲ್ ಮಾಡ್ರಿ’ ಎಂದರು. ಅಂದಿನಿಂದ ಸೇವಾದಳದ ಮಕ್ಕಳು ಪಾಳಿ ಹಾಕಿಕೊಂಡು ದಿನಾ ಸಂಜೆ ಕ್ರಾಸಿನಲ್ಲಿ ಕೂತು ಬಸ್ಸು ಬಂತೋ ಇಲ್ಲವೋ, ಎಷ್ಟು ಹೊತ್ತಿಗೆ, ನಿಂತಿತೋ ನಿಲ್ಲದೆ ಹೋಯಿತೋ ಎಂದು ಬರೆಯುತ್ತಿದ್ದಾರೆ. ಬಂದ ದಿನಕ್ಕೆ ಪಿ, ಬಾರದ ದಿನಕ್ಕೆ ಎಕ್ಸ್. ಆ ಗುರುತು ನಾನು ಹೇಳಿಕೊಟ್ಟದ್ದಲ್ಲ, ಸರ್ ಕೆಲಸ. ಇಬ್ಬರು ಮಕ್ಕಳ ಜೊತೆ ಒಬ್ಬ ಪಾಲಕರು ಇರಲೇಬೇಕು ಎಂಬ ನಿಯಮವನ್ನು ಮಕ್ಕಳೇ ಮಾಡಿಕೊಂಡಿದ್ದಾರೆ. ರಿಜಿಸ್ಟರ್ ಆಚೆ ಮೇಜಿನ ಮೇಲಿದೆ, ಊಟಕ್ಕೆ ಹೋಗುವಾಗ ದಯವಿಟ್ಟು ತೆರೆದು ನೋಡಿ. ಎಕ್ಸ್ ಎಷ್ಟಿವೆ ಎಂದು ನಾನು ಹೇಳುವುದಿಲ್ಲ.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಆ ರಿಜಿಸ್ಟರ್ ತೆಗೆದುಕೊಂಡು ಮಕ್ಕಳು ಬಸ್ ಡಿಪೋದ ವ್ಯವಸ್ಥಾಪಕರನ್ನು ಕಾಣಲು ಹೊರಟಿದ್ದಾರೆ. ಮಾತಾಡುವವಳು ಈ ತಿಂಗಳ ಸೀಟಿ ಹಾಕಿಕೊಂಡಿರುವ ಹುಡುಗಿ, ನಾವಲ್ಲ. ಆದರೆ ಹಿಂದೆ ನಿಲ್ಲಲು ದೊಡ್ಡವರು ಬೇಕು. ನಾನು ಎರಡು ದಿನ ರಜೆ ಹಾಕಿದ್ದೇನೆ, ಸರ್ ಬರುತ್ತಾರೆ, ಲೈನ್‌ಮನ್ ಗೆಳೆಯನೂ ಒಪ್ಪಿದ್ದಾನೆ. ಒಂದು ಟೆಂಪೊ ಹೇಳಿದ್ದೇವೆ, ಒಂಬತ್ತಕ್ಕೆ ಶಾಲೆಯ ಮುಂದಿನಿಂದ ಬಿಡುತ್ತದೆ. ಅದರಲ್ಲಿ ಇನ್ನೂ ಹತ್ತು ಜನರಿಗೆ ಜಾಗ ಇದೆ. ಬರುವವರು ಊಟಕ್ಕೆ ಏಳುವ ಮೊದಲು ಆ ಹುಡುಗಿಯ ಹತ್ತಿರ ಹೆಸರು ಬರೆಸಿ.